ಕಾಯಕದ ಫಲಕ್ಕೆ ಕಾವಲು: ಪ್ರಕೃತಿ ವಿಕೋಪ ಮತ್ತು ಗೃಹವಿಮೆ

ಎತ್ತಿಗೆ ವಿಮೆಯುಂಟು, ಬೆಳೆಗೆ ವಿಮೆಯುಂಟು, ಬಾಗಿಲ ಮುಂದೆ ನಿಂತ ಮೋಟಾರು ಸೈಕಲ್ಲಿಗೂ ವಿಮೆಯುಂಟು. ಆದರೆ ಇವೆಲ್ಲವುಗಳಿಗೆ ನೆರಳಾಗಿ ನಿಂತಿರುವ ಮನೆಗೆ ಮಾತ್ರ ವಿಮೆಯಿಲ್ಲ. ನಮ್ಮ ಸಮಾಜದ ಬಹುಪಾಲು ಕುಟುಂಬಗಳ ಸ್ಥಿತಿ ಇದೇ ಆಗಿದೆ. ವಾಹನಕ್ಕೆ ಕಾನೂನಿನ ಕಡ್ಡಾಯವಿರುವುದರಿಂದ ವಿಮೆ ಮಾಡಿಸುತ್ತೇವೆ. ಬೆಳೆಗೆ 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಿದೆ. ಬ್ಯಾಂಕಿನವರೂ ಸಹಕಾರಿ ಸಂಘದವರೂ ನೆನಪು ಮಾಡಿಕೊಡುತ್ತಾರೆ. ಮನೆಯ ವಿಷಯದಲ್ಲಿ ಮಾತ್ರ ಕಡ್ಡಾಯಪಡಿಸುವವರೂ ಇಲ್ಲ, ನೆನಪಿಸುವವರೂ ಇಲ್ಲ. ಆದ್ದರಿಂದ ಜೀವಮಾನದ ದುಡಿಮೆಯನ್ನೆಲ್ಲ ಸುರಿದು ಕಟ್ಟಿದ ಮನೆಯೇ ಎಲ್ಲಕ್ಕಿಂತ ಅರಕ್ಷಿತವಾಗಿ ನಿಂತಿದೆ.

ಈ ಮಾತನ್ನು ಸದ್ಗೃಹಸ್ಥರ ಮುಂದೆ ಎತ್ತಿದಾಗ ಸಾಮಾನ್ಯವಾಗಿ ನಾಲ್ಕು ಬಗೆಯ ಆಕ್ಷೇಪಗಳು ಬರುತ್ತವೆ. ಮೊದಲನೆಯದು, ನಮ್ಮ ಹಿರಿಯರು ಕಟ್ಟಿದ ಮನೆ ನೂರು ವರ್ಷ ನಿಂತಿದೆ, ಇನ್ನು ಅದಕ್ಕೇನಾದೀತು ಎಂಬುದು. ಎರಡನೆಯದು, ಹಾಗೇನಾದರೂ ಆದರೆ ಸರಕಾರ ಕೊಡುವುದಿಲ್ಲವೆ ಎಂಬುದು. ಮೂರನೆಯದು, ಏನೂ ಆಗದಿದ್ದರೆ ಕಟ್ಟಿದ ಹಣ ವ್ಯರ್ಥವಲ್ಲವೆ ಎಂಬುದು. ನಾಲ್ಕನೆಯದು ಹೆಚ್ಚು ಗಂಭೀರವಾದುದು: ಶಿವನ ಮೇಲೆ ಭಾರ ಹಾಕಿದವರು ನಾಳಿನ ಭಯಕ್ಕೆ ಕಾಗದ ಬರೆಸಿಕೊಳ್ಳುವುದು ಭಕ್ತರಿಗೆ ಒಪ್ಪುವುದೆ ಎಂಬುದು. ಶಾಸ್ತ್ರಾಧ್ಯಯನದಲ್ಲಿ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸಿ ಅನಂತರ ಸಮಾಧಾನ ಹೇಳುವ ಕ್ರಮವುಂಟು. ಆ ಕ್ರಮದಲ್ಲಿಯೇ ಈ ನಾಲ್ಕನ್ನೂ ವಿಚಾರಿಸಿ, ಬಳಿಕ ಗೃಹವಿಮೆಯ ಸ್ವರೂಪವನ್ನು ಓದುಗ ಬಂಧುಗಳ ಮುಂದಿಡಲು ನಾವು ಬಯಸುತ್ತೇವೆ.

ನೂರು ವರ್ಷ ನಿಂತ ಮನೆ

1993ನೆಯ ಇಸವಿಯ ಸೆಪ್ಟೆಂಬರ್ 30ರ ನಸುಕನ್ನು ಬೀದರ, ಕಲಬುರ್ಗಿ ಸೀಮೆಯ ಹಿರಿಯರು ಮರೆತಿರಲಾರರು. ಹಿಂದಿನ ದಿನವಷ್ಟೇ ಗಣಪತಿಯನ್ನು ನೀರಿಗೆ ಬಿಟ್ಟು ಜನ ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಕಂಪನದ ಪ್ರಮಾಣ ಸುಮಾರು 6.2. ಲಾತೂರು ಹಾಗೂ ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳ ಐವತ್ತಕ್ಕೂ ಮಿಕ್ಕಿದ ಹಳ್ಳಿಗಳು ಕೆಲವೇ ಕ್ಷಣಗಳಲ್ಲಿ ನೆಲಸಮವಾದವು. ಎಂಟರಿಂದ ಹತ್ತು ಸಾವಿರದಷ್ಟು ಜನ ಮಲಗಿದ್ದಲ್ಲಿಯೇ ಮಣ್ಣಾದರು. ಅದು ಲಿಂಗಾಯತ ಮನೆತನಗಳು ದಟ್ಟವಾಗಿ ನೆಲೆಸಿರುವ ಸೀಮೆ. ಗಡಿಯಾಚೆಯಾದರೂ ಕೊಳುಕೊಡುಗೆಯ ನಂಟಿನಿಂದ ನಮ್ಮ ಕಡೆಯ ಮನೆಗಳಿಗೆ ಹೊಂದಿಕೊಂಡ ಸೀಮೆ.

ಆ ಭೂಕಂಪದಲ್ಲಿ ಅಷ್ಟು ಜನರನ್ನು ಬಲಿ ತೆಗೆದುಕೊಂಡದ್ದು ನೆಲದ ನಡುಕಕ್ಕಿಂತ ಮನೆಯ ಭಾರ. ಮಣ್ಣಿನ ಗಾರೆಯಲ್ಲಿ ಕೂಡಿಸಿದ ಕರಿಕಲ್ಲಿನ ದಪ್ಪ ಗೋಡೆಗಳು. ಹೊರಮೈ ಒಂದು ವರಸೆ, ಒಳಮೈ ಒಂದು ವರಸೆ, ನಡುವೆ ಚೂರುಗಲ್ಲು. ಎರಡೂ ವರಸೆಗಳನ್ನು ಹಿಡಿದಿಡುವ ಅಡ್ಡಗಲ್ಲುಗಳ ಕೊರತೆ. ಮೇಲೆ ತೊಲೆ, ಜಂತೆ, ಹಲಗೆ. ಅದರ ಮೇಲೆ ಬಿಸಿಲಿನ ತಾಪ ತಡೆಯಲೆಂದು ವರ್ಷ ವರ್ಷವೂ ಹಾಕುತ್ತ ಬಂದ ಮಣ್ಣು. ಬೇಸಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಾಳಿಗೆಯೇ ಗೋಡೆ ಬಿರಿದೊಡನೆ ಮಲಗಿದವರ ಮೇಲೆ ಬಿದ್ದಿತು. ಅಂಥ ಮನೆಗಳು ವಿಜಯಪುರ, ಕಲಬುರ್ಗಿ, ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ಇಂದಿಗೂ ನಿಂತಿವೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದಖ್ಖನ್ ಪ್ರಸ್ಥಭೂಮಿಯ ಈ ಭಾಗವನ್ನು ಅಂದಿನ ತಜ್ಞರು ಭೂಕಂಪದ ಭಯ ಅತಿ ಕಡಿಮೆಯಿರುವ ಮೊದಲನೆಯ ವಲಯಕ್ಕೆ ಸೇರಿಸಿದ್ದರು. ಕಿಲ್ಲಾರಿಯ ಬಳಿಕ ಆ ನಂಬಿಕೆ ಉಳಿಯಲಿಲ್ಲ. 2002ರಲ್ಲಿ ಪರಿಷ್ಕರಿಸಿದ ನಕ್ಷೆಯಲ್ಲಿ ಮೊದಲನೆಯ ವಲಯವೆಂಬುದನ್ನೇ ಕೈಬಿಟ್ಟು, ದೇಶದ ಯಾವ ಭಾಗವನ್ನೂ ಎರಡನೆಯ ವಲಯಕ್ಕಿಂತ ಕೆಳಗಿಡಲಿಲ್ಲ. ಪಂಡಿತರ ನಕ್ಷೆಯೇ ತಿದ್ದುಪಡಿಯಾಗುವಲ್ಲಿ ನಮ್ಮ ಅಜ್ಜನ ಕಾಲದ ಅನುಭವವೊಂದನ್ನೇ ನೆಚ್ಚಿ ಕೂಡುವುದು ಸರಿಯಲ್ಲ. ನೂರು ವರ್ಷ ನಿಂತಿದೆ ಎಂಬುದು ಮನೆಯ ಹಿರಿಮೆಗೆ ಸಾಕ್ಷಿಯಾದೀತು; ನೂರೊಂದನೆಯ ವರ್ಷಕ್ಕೆ ಜಾಮೀನಾಗಲಾರದು.

ನದಿ ಹೊಸ್ತಿಲಿಗೆ ಬಂದಾಗ

ಭೂಕಂಪ ಅಪರೂಪ, ಪ್ರವಾಹ ಹಾಗಲ್ಲ. ಬರಗಾಲದ ನಾಡೆಂದೇ ಹೆಸರಾದ ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಜಿಲ್ಲೆಗಳಲ್ಲಿ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಎರಡು ನೂರಕ್ಕೂ ಹೆಚ್ಚು ಜೀವಗಳು ಹೋದವು. ಲಕ್ಷಗಟ್ಟಲೆ ಜನ ಮನೆ ಬಿಟ್ಟು ಗಂಜಿ ಕೇಂದ್ರಗಳಿಗೆ ನಡೆದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, 2019ರ ಆಗಸ್ಟಿನಲ್ಲಿ, ಸಹ್ಯಾದ್ರಿಯ ಮಳೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ, ದೂಧಗಂಗೆ, ವೇದಗಂಗೆಗಳನ್ನು ಏಕಕಾಲಕ್ಕೆ ತುಂಬಿಸಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿ ದಂಡೆಯ ಊರುಗಳು ದ್ವೀಪಗಳಾದವು. ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಅದಕ್ಕೆ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನ ಬೆಟ್ಟಗಳು ಮನೆಗಳ ಸಮೇತ ಜಾರಿದ್ದವು.

ಮಣ್ಣಿನ ಗೋಡೆಯ ಸ್ವಭಾವವನ್ನು ಹಳ್ಳಿಯ ಜನ ಬಲ್ಲರು. ನೀರು ನಿಂತಿರುವಾಗ ಅದು ಹೇಗೋ ತಡೆದುಕೊಂಡೀತು. ನೀರು ಇಳಿದು ಬಿಸಿಲು ಬಿದ್ದ ಮೇಲೆ, ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ ಕುಸಿಯುತ್ತದೆ. ಹಗೇವಿನ ಜೋಳ ಮುಗ್ಗಿ ಹೋಗುತ್ತದೆ. ಹಾಸಿಗೆ, ಅರಿವೆ, ಮಕ್ಕಳ ಪುಸ್ತಕ, ಹೊಲದ ಉತಾರ ಎಲ್ಲ ಕೆಸರಾಗುತ್ತವೆ. ಗೋಡೆಯನ್ನು ಮತ್ತೆ ಕಟ್ಟಬೇಕು. ಅದರೊಡನೆ ಮನೆತನದ ಬಾಳುವೆಯನ್ನೂ ಮೊದಲಿನಿಂದ ಹೂಡಬೇಕು.

ಇಂಥ ಸಂದರ್ಭದಲ್ಲಿ ಸರಕಾರ ಕೊಡುವುದಿಲ್ಲವೆ? ಕೊಡುತ್ತದೆ, ಕೊಟ್ಟಿದೆ. 2009ರ ನಂತರ ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಲ್ಲಿ ಹೊಸ ಊರುಗಳೇ ಎದ್ದವು. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ, ನೀರು ಹೊಕ್ಕ ಮನೆಯ ಕುಟುಂಬಕ್ಕೆ ತಕ್ಷಣದ ನೆರವಾಗಿ 10,000 ರೂಪಾಯಿಗಳನ್ನೂ ರಾಜ್ಯ ಸರಕಾರ ಘೋಷಿಸಿತು. ಅದು ದೊಡ್ಡ ಮನಸ್ಸಿನ ಕೆಲಸ. ಆದರೆ ಅದು ಆ ವರ್ಷದ ನಿರ್ಧಾರ. ಪ್ರತಿ ವರ್ಷವೂ ಕೇಳಿ ಪಡೆಯಬಹುದಾದ ಹಕ್ಕಲ್ಲ. ವಿಪತ್ತು ಪರಿಹಾರ ನಿಧಿಗಾಗಿ ಕೇಂದ್ರವು 2022ರಲ್ಲಿ ಗೊತ್ತುಮಾಡಿದ ಮಾನದಂಡದಂತೆ ಬಯಲು ಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ, ಬಟ್ಟೆಬರೆಗೆ ಕುಟುಂಬಕ್ಕೆ 2,500 ರೂಪಾಯಿ, ಪಾತ್ರೆಪಡಗಕ್ಕೆ 2,500 ರೂಪಾಯಿ. ಆರು ನೂರು ಚದರಡಿಯ ಸಾಧಾರಣ ಮನೆಯನ್ನು ಚದರಡಿಗೆ 1,800 ರೂಪಾಯಿಯಂತೆ ಕಟ್ಟಿಸುವುದಾದರೂ 10 ಲಕ್ಷ 80 ಸಾವಿರ ರೂಪಾಯಿ ಬೇಕು. ಇವೆರಡರ ನಡುವಣ ಕಂದಕವನ್ನು ತುಂಬುವವರಾರು? ಸಾಮಾನ್ಯವಾಗಿ ಹೊಲದ ಒಂದು ತುಂಡು, ಇಲ್ಲವೆ ಮನೆಯಾಕೆಯ ಮೈಮೇಲಿನ ಬಂಗಾರ, ಇಲ್ಲವೆ ಬಡ್ಡಿಯ ಸಾಲ. ಮಗಳ ಓದು ನಿಲ್ಲುವುದೂ ಅಲ್ಲಿಯೇ.

ಸರಕಾರದ ಹಣ ಆಪತ್ತಿನ ಮೊದಲ ತುತ್ತು. ಬದುಕನ್ನು ಹಿಂದಿನ ಮಟ್ಟಕ್ಕೆ ನಿಲ್ಲಿಸುವ ಹೊಣೆಯನ್ನು ಅದು ಹೊತ್ತಿಲ್ಲ, ಹೊರಲೂ ಆರದು.

ಭಕ್ತರಿಗೆ ಒಪ್ಪುವುದೆ?

ಈಗ ಉಳಿದೆರಡು ಆಕ್ಷೇಪಗಳು. ಶರಣರ ಬಾಳನ್ನು ಬಲ್ಲವರು ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎತ್ತುವುದುಂಟು. ಕಲ್ಯಾಣದ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಒಂದು ದಿನ ಮಾರಯ್ಯನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ತಾಯಿ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸೆಂದಳು. ನಾಳೆಗೆಂದು ಒಂದು ಹಿಡಿ ಅಕ್ಕಿಯನ್ನೂ ಕೂಡಿಡದವರ ಮಾರ್ಗದಲ್ಲಿ ನಡೆಯುವ ನಾವು ನಾಳಿನ ಹಾನಿಗೆ ಇಂದೇ ಹಣ ಕಟ್ಟುವುದು ಹೇಗೆ ಒಪ್ಪೀತು ಎಂಬುದು ಪ್ರಶ್ನೆ.

ಪ್ರಶ್ನೆ ಯೋಗ್ಯವಾದುದು, ಉತ್ತರವೂ ಆ ಪ್ರಸಂಗದಲ್ಲಿಯೇ ಇದೆ. ಲಕ್ಕಮ್ಮ ನಿರಾಕರಿಸಿದ್ದು ತನಗೆ ಸಲ್ಲದ ಹೆಚ್ಚಿನದನ್ನು. ಸಲ್ಲುವಷ್ಟನ್ನು ಆಕೆ ಶ್ರದ್ಧೆಯಿಂದ ಸ್ವೀಕರಿಸಿ, ಅಟ್ಟು, ಜಂಗಮಕ್ಕೆ ನೀಡಿ, ಪ್ರಸಾದವಾಗಿ ಉಂಡವಳು. ವಿಮಾಶಾಸ್ತ್ರದ ಮೂಲ ನಿಯಮವೂ ಇದಕ್ಕೆ ಬಹಳ ಹತ್ತಿರವಾದುದು. ಅದನ್ನು ನಷ್ಟಭರ್ತಿಯ ತತ್ತ್ವವೆನ್ನುತ್ತಾರೆ. ಮನೆಯ ವಿಮೆಯಲ್ಲಿ ಕಳೆದುಹೋದುದಷ್ಟೇ ಹಿಂದಿರುಗುತ್ತದೆ. ಆಪತ್ತಿನಿಂದ ಯಾರೂ ಲಾಭ ಮಾಡಿಕೊಳ್ಳುವಂತಿಲ್ಲ. ಒಂದೇ ಮನೆಯನ್ನು ಎರಡು ಕಂಪನಿಗಳಲ್ಲಿ ವಿಮೆ ಮಾಡಿಸಿದರೂ ಎರಡು ಪಟ್ಟು ಸಿಗುವುದಿಲ್ಲ. ಆದ ಹಾನಿಯಷ್ಟೇ ಸಿಗುತ್ತದೆ. ಹೆಚ್ಚಿನದನ್ನು ಬಯಸುವ ಆಸೆಗೆ ಇಲ್ಲಿ ಎಡೆಯಿಲ್ಲ. ಕಾಯಕದಿಂದ ಗಳಿಸಿದುದು ಅಳಿಯದಂತೆ ಕಾಯುವುದು ಒಂದು. ಗಳಿಸದುದನ್ನು ಕೂಡಿಡುವುದು ಇನ್ನೊಂದು. ಇವೆರಡನ್ನೂ ಒಂದೆಂದು ತಿಳಿಯಬಾರದು.

ಭಾರವನ್ನು ಶಿವನ ಮೇಲೆ ಹಾಕಿದ ಭಕ್ತನು ಬಾಗಿಲಿಗೆ ಅಗಳಿ ಹಾಕಿ ಮಲಗುತ್ತಾನೆ. ಬಾವಿಗೆ ಕಟ್ಟೆ ಕಟ್ಟಿಸುತ್ತಾನೆ. ಬೀಜದ ಜೋಳಕ್ಕೆ ಬೂದಿ ಬೆರಸಿ ಕಾಯ್ದಿಡುತ್ತಾನೆ. ಇದನ್ನು ಯಾರೂ ಅಪನಂಬಿಕೆಯೆನ್ನುವುದಿಲ್ಲ. ಇನ್ನೊಂದು ದೃಷ್ಟಿಯಿಂದ ನೋಡಿದರೆ, ತನ್ನ ಶಕ್ತಿಯಲ್ಲಿದ್ದ ಎಚ್ಚರವನ್ನು ಬಿಟ್ಟುಕೊಟ್ಟು ಆಪತ್ತಿನ ದಿನ ಬಂಧುಗಳ ಬಾಗಿಲಿಗೆ ಹೋಗಿ ನಿಂತರೆ ನಮ್ಮ ಭಾರ ಶಿವನ ಮೇಲೆ ಬೀಳುವುದಿಲ್ಲ, ನೆರೆಯವರ ಮೇಲೆ ಬೀಳುತ್ತದೆ. ಊರಿಗೆ ಊರೇ ಮುಳುಗಿದಾಗ ಆ ನೆರೆಯವರ ಮನೆಯೂ ನೀರಿನಲ್ಲಿರುತ್ತದೆ.

ಏನೂ ಆಗದಿದ್ದರೆ ಹಣ ವ್ಯರ್ಥವಲ್ಲವೆ? ವಿಮೆಯೆಂದರೆ ಹಲವರು ಸ್ವಲ್ಪ ಸ್ವಲ್ಪ ಕೂಡಿಸಿ, ಬಿದ್ದ ಕೆಲವರನ್ನು ಎತ್ತುವ ಏರ್ಪಾಡು. ನಮ್ಮ ಮನೆ ಭದ್ರವಾಗಿ ನಿಂತ ವರ್ಷ ನಮ್ಮ ಕಂತಿನ ಪಾಲು ಎಲ್ಲಿಯೋ ಬಿದ್ದ ಮನೆಯ ಗೋಡೆಯಾಗುತ್ತದೆ. ವಿಮಾ ಕಂಪನಿ ದಾಸೋಹದ ಮನೆಯಲ್ಲ, ಅದು ವ್ಯವಹಾರದ ಸಂಸ್ಥೆ, ಇದನ್ನು ಮರೆಯಬಾರದು. ಆದರೆ ಅದರ ತಳಹದಿಯಾದ ಕೂಡಿ ಹೊರುವ ತತ್ತ್ವ ನಮಗೆ ಪರಕೀಯವೇನೂ ಅಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದ್ದು ಇದೇ ತತ್ತ್ವದ ಮೇಲೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘಗಳ ರೈತರು ಮೊದಲಿಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ, ಲಕ್ಷಾಂತರ ಜನ ಒಬ್ಬರಿಗೊಬ್ಬರು ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಆದರು. ರೋಗಕ್ಕೆ ಒಪ್ಪಿದ ಮಾತು ಮನೆಗೆ ಒಪ್ಪದಿರಲು ಕಾರಣವಿಲ್ಲ.

ವಿಮೆಯೊಳಗೆ ಏನುಂಟು, ಏನಿಲ್ಲ

ಹಿಂದೆ ಮನೆಯ ವಿಮೆಯೆಂದರೆ ಬೆಂಕಿ ವಿಮೆಯ ಉದ್ದನೆಯ ಕಾಗದ. ಸಾಮಾನ್ಯರಿಗೆ ತಿಳಿಯದ ಷರತ್ತುಗಳ ರಾಶಿ. ಈ ತೊಡಕನ್ನು ಕಂಡು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಕಂಪನಿ ಬೇರೆಯಾದರೂ ಪಾಲಿಸಿಯ ಒಡಲು ಒಂದೇ.

ಇದರಲ್ಲಿ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ನೀರಿನ ಟ್ಯಾಂಕು ಅಥವಾ ಕೊಳವೆ ಒಡೆಯುವುದು, ಗಲಭೆ, ಭಯೋತ್ಪಾದನೆ ಮುಂತಾದವುಗಳಿಂದ ಆಗುವ ಹಾನಿ ಸೇರಿದೆ. ಇಂಥ ಆಪತ್ತು ನಡೆದ ಏಳು ದಿನಗಳೊಳಗೆ, ಮನೆ ಅಸ್ತವ್ಯಸ್ತವಾಗಿರುವಾಗ, ಅದರಿಂದಾಗಿಯೇ ನಡೆದ ಕಳವೂ ಸೇರಿದೆ. ವಿಮೆಗೊಳಪಟ್ಟ ಆಪತ್ತಿನಿಂದ ಮನೆ ವಾಸಕ್ಕೆ ಅಯೋಗ್ಯವಾದರೆ ಬೇರೆಡೆ ಇರಲು ತೆತ್ತ ಬಾಡಿಗೆಯೂ, ಬಾಡಿಗೆಗೆ ಕೊಟ್ಟ ಮನೆಯಾದರೆ ನಿಂತುಹೋದ ಬಾಡಿಗೆಯೂ ಗೊತ್ತಾದ ಮಿತಿಯಲ್ಲಿ ದೊರೆಯುತ್ತದೆ.

ವಿಮೆಯ ಮೊತ್ತವನ್ನು ಗೊತ್ತುಮಾಡುವಾಗ ಅನೇಕರು ನಿವೇಶನದ ಬೆಲೆಯನ್ನೂ ಸೇರಿಸುತ್ತಾರೆ. ಅದು ಸಲ್ಲದು. ನೆಲ ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ಕಟ್ಟಡ. ಆದ್ದರಿಂದ ಮನೆಯ ಒಳ ವಿಸ್ತೀರ್ಣವನ್ನು ಇಂದಿನ ಕಟ್ಟಡ ವೆಚ್ಚದ ದರದಿಂದ ಗುಣಿಸಬೇಕು. ಸಾವಿರ ಚದರಡಿಯ ಮನೆಗೆ ಚದರಡಿಯೊಂದಕ್ಕೆ 1,800 ರೂಪಾಯಿಯಾದರೆ ವಿಮೆಯ ಮೊತ್ತ 18 ಲಕ್ಷ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು ರಕ್ಷಣೆ, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ತಾನಾಗಿಯೇ ಸೇರುತ್ತದೆ. ಈ ಲೆಕ್ಕದಲ್ಲಿ ಅದು 3 ಲಕ್ಷ 60 ಸಾವಿರ. ಸಾಮಾನು ಅದಕ್ಕೂ ಹೆಚ್ಚಿದ್ದರೆ ವಿವರ ಕೊಟ್ಟು ಏರಿಸಿಕೊಳ್ಳಬಹುದು. ಪಾಲಿಸಿಯನ್ನು ಹತ್ತು ವರ್ಷಗಳವರೆಗೂ ಒಂದೇ ಸಲಕ್ಕೆ ಪಡೆಯಬಹುದು. ಹಾಗೆ ಪಡೆದಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ಏರುತ್ತದೆ.

ಹಿಂದಿನ ಪಾಲಿಸಿಗಳಲ್ಲಿ ಇನ್ನೊಂದು ಮುಳ್ಳಿತ್ತು. 10 ಲಕ್ಷದ ಮನೆಯನ್ನು 5 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 2 ಲಕ್ಷದ ಹಾನಿಗೆ 1 ಲಕ್ಷ ಮಾತ್ರ ಕೊಡುತ್ತಿದ್ದರು. ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ. ಆದರೂ ಒಟ್ಟು ವಿಮಾ ಮೊತ್ತಕ್ಕಿಂತ ಹೆಚ್ಚು ಯಾವ ಕಾರಣಕ್ಕೂ ಬಾರದಾದ್ದರಿಂದ ಮೊತ್ತವನ್ನು ನಿಜವಾಗಿ ಹೇಳುವುದೇ ಲೇಸು.

ಇನ್ನು ಇಲ್ಲದಿರುವುದು. ನಗದು ಹಣ, ಚಿನ್ನದ ಗಟ್ಟಿ, ವಾಹನ, ಕಾಗದಪತ್ರಗಳು ಈ ರಕ್ಷಣೆಗೆ ಒಳಪಡುವುದಿಲ್ಲ. ಹಸ್ತಪ್ರತಿಗಳೂ ಒಳಪಡುವುದಿಲ್ಲ. ಹಳೆಯ ಮನೆತನಗಳಲ್ಲಿ ದೇವರ ಜಗುಲಿಯ ಮೇಲೆ ತಾಳೆಯೋಲೆಯ ಕಟ್ಟುಗಳು ಇಂದಿಗೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತೇವೆ: ಅವುಗಳಿಗೆ ಯಾವ ಹಣವೂ ಪರಿಹಾರವಲ್ಲ, ವಿದ್ವತ್ ಸಂಸ್ಥೆಯೊಂದಕ್ಕೆ ಕೊಡುವುದು ಅಥವಾ ಛಾಯಾಪ್ರತಿ ಮಾಡಿಸುವುದೇ ಅವುಗಳ ವಿಮೆ. ಆಭರಣಗಳು, ಬೆಳ್ಳಿಯ ಕರಡಿಗೆ ಮೊದಲಾದ ಬೆಲೆಯುಳ್ಳ ಒಡವೆಗಳಿಗೆ ಐಚ್ಛಿಕ ರಕ್ಷಣೆಯುಂಟು. ಅದನ್ನು ಬೇರೆಯಾಗಿ ಕೇಳಿ, ಬೆಲೆ ಗೊತ್ತುಮಾಡಿ ಪಡೆಯಬೇಕು. ವರ್ಷ ವರ್ಷವೂ ಸೋರುವ ಮಾಳಿಗೆ, ಹಳೆಯ ಬಿರುಕು, ಗೆದ್ದಲು ತಿಂದ ತೊಲೆ ಇವೂ ವಿಮೆಗೆ ಸೇರಿದವಲ್ಲ. ಅವು ದುರಸ್ತಿಗೆ ಸೇರಿದವು.

ಬಾಡಿಗೆಯ ಮನೆಯಲ್ಲಿರುವವರು

ವಿಮೆಯ ಮಾತು ಬಂದಾಗ, ಮನೆ ನಮ್ಮದಲ್ಲವಲ್ಲ ಎಂದು ಬಾಡಿಗೆದಾರರು ಸುಮ್ಮನಾಗುತ್ತಾರೆ. ಮನೆ ಮಾಲೀಕರದು ನಿಜ. ಆದರೆ ಒಳಗಿನ ಕಪಾಟು, ಹಾಸಿಗೆ, ಫ್ರಿಜ್ಜು, ಹೊಲಿಗೆ ಯಂತ್ರ, ಮಕ್ಕಳ ಕಂಪ್ಯೂಟರು ಯಾರವು? ಮಾಲೀಕರು ಕಟ್ಟಡಕ್ಕೆ ಮಾಡಿಸಿದ ವಿಮೆಯಿಂದ ಬಾಡಿಗೆದಾರರ ಒಂದು ತಟ್ಟೆಯೂ ಹಿಂದಿರುಗುವುದಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಹದೇವಪುರದ ಕಡೆ ನೀರು ನುಗ್ಗಿದಾಗ ಕೋಟಿ ಬೆಲೆಯ ಮನೆಗಳವರೂ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದುದನ್ನು ನಾಡೇ ಕಂಡಿತು. ನೀರಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ. ಒಡೆಯ ಬಾಡಿಗೆದಾರರೆಂಬ ಭೇದವೂ ಇಲ್ಲ. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಉದ್ಯೋಗಕ್ಕೆಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಬಾಡಿಗೆಯ ಮನೆ ಹಿಡಿದವರು. ಹೊಸದಾಗಿ ಸಂಸಾರ ಹೂಡಿದ ದಂಪತಿಗಳ ಆಸ್ತಿಯೆಲ್ಲ ಆ ಸಾಮಾನುಗಳೇ. ಅಂಥವರು ಕಟ್ಟಡವನ್ನು ಬಿಟ್ಟು ಸಾಮಾನುಗಳಿಗಷ್ಟೇ ಪಾಲಿಸಿ ಪಡೆಯಲು ಅವಕಾಶವಿದೆ. ಕಂತು ಅದಕ್ಕೆ ತಕ್ಕಂತೆ ಕಡಿಮೆ. ಮನೆಯನ್ನು ಬದಲಿಸಿದಾಗ ಹೊಸ ವಿಳಾಸವನ್ನು ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸುವುದನ್ನು ಮಾತ್ರ ಮರೆಯಬಾರದು.

ಪಡೆಯುವಾಗಿನ ಎಚ್ಚರ, ಕೇಳುವಾಗಿನ ಕ್ರಮ

ದರವು ಊರು, ಕಟ್ಟಡ, ಕಂಪನಿಗಳನ್ನು ಅನುಸರಿಸಿ ಬೇರೆ ಬೇರೆ. ಸಾಧಾರಣ ಪಕ್ಕಾ ಮನೆಯ ಒಂದು ವರ್ಷದ ಕಂತು ಸಾಮಾನ್ಯವಾಗಿ ಅದರ ಬಾಗಿಲಲ್ಲಿ ನಿಂತ ಮೋಟಾರು ಸೈಕಲ್ಲಿನ ವಿಮೆಯ ಆಸುಪಾಸಿನಲ್ಲಿಯೇ ಇರುತ್ತದೆ. ಮೂರು ಕಂಪನಿಗಳಲ್ಲಿಯಾದರೂ ವಿಚಾರಿಸಿ ನೋಡಬೇಕು.

ಗೃಹಸಾಲ ಪಡೆದವರು ಬ್ಯಾಂಕಿನಲ್ಲಿ ಯಾವುದೋ ವಿಮೆಗೆ ಸಹಿ ಮಾಡಿರುತ್ತಾರೆ. ಅದು ಕಟ್ಟಡದ ವಿಮೆಯೋ, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯೋ ನೋಡಿಕೊಳ್ಳಬೇಕು. ಎರಡನೆಯದಾದರೆ ನೆರೆ ಬಂದಾಗ ಅದರಿಂದ ಉಪಯೋಗವಿಲ್ಲ.

ಹಳ್ಳಿಯ ಮಣ್ಣಿನ ಮಾಳಿಗೆಯ ಮನೆ, ಹುಲ್ಲು ಹೊದಿಸಿದ ಮನೆ, ವರ್ಷದಲ್ಲಿ ಬಹುಕಾಲ ಬೀಗ ಹಾಕಿರುವ ಹಿರಿಯರ ಮನೆ, ಒಂದು ಪಡಸಾಲೆಯಲ್ಲಿ ಅಂಗಡಿ ನಡೆಯುವ ಮನೆ ಇವುಗಳನ್ನು ವಿಮೆಗೆ ಒಪ್ಪುವರೆ, ಯಾವ ಷರತ್ತಿನ ಮೇಲೆ ಒಪ್ಪುವರು ಎಂಬುದನ್ನು ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಗೋಡೆ ಎಂಥದು, ಹಳ್ಳದಿಂದ ಎಷ್ಟು ದೂರ, ಹಿಂದೆ ನೀರು ಬಂದಿತ್ತೆ ಎಂದು ಕೇಳಿದರೆ ಇದ್ದುದನ್ನು ಇದ್ದಂತೆಯೇ ಹೇಳಬೇಕು. ವಿಮೆಯ ಕರಾರು ಪರಸ್ಪರ ಸತ್ಯದ ಮೇಲೆ ನಿಂತಿದೆ. ಮುಚ್ಚಿಟ್ಟ ಒಂದು ಸಂಗತಿ ಆಪತ್ತಿನ ದಿನ ಇಡೀ ಪಾಲಿಸಿಯನ್ನೇ ಮುಳುಗಿಸಬಲ್ಲುದು. ನಡೆ ನುಡಿ ಒಂದಾಗಿರಬೇಕೆಂಬುದು ನಮಗೆ ಹೊಸ ಉಪದೇಶವಲ್ಲ. ಇಲ್ಲಿ ಅದಕ್ಕೆ ಕಾನೂನಿನ ಬಲವೂ ಇದೆಯೆಂಬುದಷ್ಟೇ ವಿಶೇಷ.

ಮನೆಯ ಸಾಮಾನುಗಳ ಪಟ್ಟಿಯನ್ನು ಮನೆಯಾಕೆಯೇ ಬರೆಯುವುದು ಒಳ್ಳೆಯದು. ಯಾವುದು ಎಲ್ಲಿದೆ, ಯಾವಾಗ ಕೊಂಡದ್ದು ಎಂಬುದು ಆಕೆಗೆ ತಿಳಿದಷ್ಟು ಯಜಮಾನರಿಗೆ ತಿಳಿಯದು. ಪ್ರತಿ ಕೋಣೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ಪಾಲಿಸಿ, ಉತಾರ, ಖರೀದಿ ಪತ್ರ, ಪಟ್ಟಿ ಇವುಗಳ ಪ್ರತಿಗಳು ಅದೇ ಮನೆಯ ಟ್ರಂಕಿನಲ್ಲಿದ್ದರೆ ಫಲವಿಲ್ಲ. ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಯೋ ಅಣ್ಣತಮ್ಮಂದಿರ ಬಳಿಯಲ್ಲಿಯೋ ಒಂದು ಪ್ರತಿಯಿರಲಿ.

ಹಾನಿಯಾದಾಗ ಜೀವ ಮೊದಲು; ಅನಂತರ ತಡಮಾಡದೆ ಕಂಪನಿಗೆ ತಿಳಿಸುವುದು. ಕೆಸರು ಬಳಿಯುವ ಮೊದಲು ಚಿತ್ರ ತೆಗೆಯಬೇಕು. ಹಾಳಾದ ವಸ್ತುಗಳನ್ನು ಸರ್ವೇಯರರು ನೋಡುವವರೆಗೆ ಎಸೆಯಬಾರದು. ಹಾನಿ ಇನ್ನೂ ಬೆಳೆಯದಂತೆ ನೋಡಿಕೊಳ್ಳುವುದೂ ನಮ್ಮ ಕರ್ತವ್ಯ. ಕಂದಾಯ ಅಧಿಕಾರಿಗಳು ಪಂಚನಾಮೆ ಮಾಡಿದರೆ ಅದರ ಪ್ರತಿಯನ್ನು ಪಡೆಯಬೇಕು. ಕಂಪನಿ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ.

ಕೊನೆಯದಾಗಿ

ವಿಮೆಯಿದೆಯೆಂದು ಮನೆಯನ್ನು ಹೇಗೆ ಬೇಕಾದರೂ ಕಟ್ಟಬಹುದೆಂದು ಯಾರೂ ತಿಳಿಯಬಾರದು. ಕಿಲ್ಲಾರಿಯಲ್ಲಿ ವಿಮೆಯ ಕಾಗದವಿದ್ದರೂ ಹೋದ ಜೀವ ಬರುತ್ತಿರಲಿಲ್ಲ. ಗೋಡೆಗೆ ಅಡ್ಡಗಲ್ಲು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ, ಮಾಳಿಗೆಯ ಮಣ್ಣಿನ ಭಾರ ಇಳಿಸುವುದು, ಹಳ್ಳದ ಪಾತ್ರದಲ್ಲಿ ಅಡಿಪಾಯ ಹಾಕದಿರುವುದು ಇವು ಜೀವದ ರಕ್ಷಣೆ. ವಿಮೆ ಜೀವನದ ರಕ್ಷಣೆ. ಒಂದು ಇನ್ನೊಂದಕ್ಕೆ ಬದಲಿಯಾಗದು.

ನಮ್ಮ ಸಹಕಾರಿ ಸಂಘಗಳೂ ಅಕ್ಕನ ಬಳಗಗಳೂ ಇದರಲ್ಲಿ ದೊಡ್ಡ ಕೆಲಸ ಮಾಡಬಹುದು. ತಿಂಗಳ ಸಭೆಯಲ್ಲಿ ಒಂದು ಗಂಟೆ ಬಲ್ಲವರನ್ನು ಕರೆಯಿಸಿ ಪಾಲಿಸಿಯನ್ನು ಕನ್ನಡದಲ್ಲಿ ಓದಿ ತಿಳಿಸಲಿ. ಅರ್ಜಿ ತುಂಬಲು ಓದು ಬಾರದವರಿಗೆ ತರುಣರು ನೆರವಾಗಲಿ. ಬಸವ ಜಯಂತಿ ಪ್ರತಿ ವರ್ಷ ಮುಂಗಾರಿಗೆ ಮುನ್ನ ಬರುತ್ತದೆ. ಆ ಹಬ್ಬದ ವಾರದಲ್ಲಿ ಮನೆಯ ಗೋಡೆ ಮಾಳಿಗೆಗಳನ್ನು ನೋಡುವುದು, ಸಾಮಾನಿನ ಪಟ್ಟಿಯನ್ನು ತಿದ್ದುವುದು, ಪಾಲಿಸಿಯನ್ನು ನವೀಕರಿಸುವುದು ಎಂಬ ರೂಢಿಯನ್ನು ಹಾಕಿಕೊಂಡರೆ ಮರೆವಿಗೆ ಅವಕಾಶವಿರದು.

ದಾಸೋಹ ನಡೆಯಬೇಕಾದರೆ ಮನೆಯಲ್ಲಿ ಒಲೆ ಉರಿಯಬೇಕು. ಒಲೆ ಉರಿಯಬೇಕಾದರೆ ಅದರ ಮೇಲೆ ಸೂರಿರಬೇಕು. ನೀಡುವ ಕೈ ಒಂದು ರಾತ್ರಿಯ ಮಳೆಗೆ ಬೇಡುವ ಕೈಯಾಗದಂತೆ ನೋಡಿಕೊಳ್ಳುವುದು ಗೃಹಸ್ಥನ ಧರ್ಮವೇ ಆಗಿದೆ. ಈ ಮಳೆಗಾಲಕ್ಕೆ ಮುನ್ನ ಪ್ರತಿ ಕುಟುಂಬವೂ ಈ ಕುರಿತು ಒಂದು ಸಂಜೆ ಕುಳಿತು ಮಾತಾಡಲೆಂದು ನಾವು ಹಾರೈಸುತ್ತೇವೆ.